ಗಾಳೆಮ್ಮ ಮಡಚಿದ ಎಲೆ

ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರು ಊರಿನ ಸುತ್ತ ಯಾರ ಮನೆಯಲ್ಲಿ ಮದುವೆಯಾಗಲಿ, ಜವಳವಾಗಲಿ, ತೊಟ್ಟಿಲಾಗಲಿ, ಅಡುಗೆಯವರಿಗಿಂತ ಮೊದಲು ಬಳಗಾನೂರಿನ ಸೂಗಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವನಿಗೆ ಅಡುಗೆ ಬರುತ್ತಿರಲಿಲ್ಲ. ಹಂದರ ಹಾಕಲು ಬರುತ್ತಿರಲಿಲ್ಲ. ಹಾಡು, ಭಜನೆ, ನ್ಯಾಯ ಹೇಳುವುದು, ಯಾವುದೂ ಬರುತ್ತಿರಲಿಲ್ಲ. ಅವನು ಕಲಿತಿದ್ದ ವಿದ್ಯೆ ಒಂದೇ: ಹೊಟ್ಟೆ ತುಂಬಿದವರ ಎಲೆಗೆ ಇನ್ನೊಂದು ಹೋಳಿಗೆ ಹಾಕುವುದು. ನಿಜಾಮನ ಸರ್ಕಾರ ಇದಕ್ಕೊಂದು ನೌಕರಿ ಇಟ್ಟಿರಲಿಲ್ಲ, ಇಟ್ಟಿದ್ದರೆ ಅವನು ದೊಡ್ಡ ಅಧಿಕಾರಿಯಾಗಿ ಪಿಂಚಣಿ ತಗೊಂಡು ಸಾಯುತ್ತಿದ್ದ.

ಸಂಬಂಧದಲ್ಲಿ ಅವನು ನನಗೆ ದೊಡ್ಡಪ್ಪ, ನಮ್ಮವ್ವನ ಅಕ್ಕ ಗಾಳೆಮ್ಮನ ಗಂಡ. ಎದುರಿಗಿದ್ದಾಗ ಬರ್ರಿ, ಕೂಡ್ರಿ ಎಂದೆಲ್ಲ ಅಂದಿದ್ದೇನೆ. ಬರೆಯುವಾಗಲೂ ಆ ಮರ್ಯಾದೆ ಕೊಡಬೇಕೆಂದರೆ ನನ್ನ ಕೈ ಏಳುವುದಿಲ್ಲ. ಈ ಬರಹ ಅವನದೂ ಅಲ್ಲ, ನಮ್ಮ ದೊಡ್ಡವ್ವ ಗಾಳೆಮ್ಮನದು. ಆದರೆ ಅವಳ ಹತ್ತಿರ ಹೋಗಬೇಕೆಂದರೆ ಅವನ ಹೋಳಿಗೆಯ ಬುಟ್ಟಿಯನ್ನು ದಾಟಿಯೇ ಹೋಗಬೇಕು.

ಸೂಗಪ್ಪ ಪಂಕ್ತಿಗೆ ಇಳಿಯುವ ರೀತಿ ನೋಡಬೇಕಿತ್ತು. ತಲೆಗೆ ಬಿಳಿ ರುಮಾಲು, ಕೈಯಲ್ಲಿ ತುಪ್ಪದ ಗಿಂಡಿ, ಹಿಂದೆ ಹೋಳಿಗೆ ಬುಟ್ಟಿ ಹೊತ್ತ ಒಬ್ಬ ಆಳು. ಮೊದಲ ಸುತ್ತನ್ನು ಬೇರೆ ಯಾರಾದರೂ ಬಡಿಸಬೇಕು, ಎರಡನೆಯದನ್ನೂ ಅವರೇ. ಹಸಿದವರಿಗೆ ಬಡಿಸುವುದರಲ್ಲಿ ಏನು ದೊಡ್ಡಸ್ತಿಕೆ? ಜನ ಸಾಕು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯತೊಡಗಿದ ಮೇಲೆ ಇವನು ಬರುತ್ತಿದ್ದ. "ಯಾಕ್ರೀ, ನಮ್ಮ ಮನಿ ಹೋಳಿಗಿ ನಿಮಗ ಸೇರಲಿಲ್ಲೇನು?" ಎನ್ನುತ್ತಿದ್ದ. ಮನೆ ಅವನದಲ್ಲ, ಬೇಳೆ ಬೆಲ್ಲ ಅವನದಲ್ಲ, ಕಟ್ಟಿಗೆ ಒಡೆದವನೂ ಅವನಲ್ಲ. ಆದರೂ ಎಲ್ಲರ ಮನೆಯೂ ಅವನಿಗೆ ನಮ್ಮ ಮನಿ.

ಅಷ್ಟಕ್ಕೂ ಒಪ್ಪದವರ ಮುಂದೆ ಕುಕ್ಕರಗಾಲಲ್ಲಿ ಕೂತು, ಹೋಳಿಗೆಯನ್ನು ಎಲೆಯ ನಡುವಿಗೆ ಇಟ್ಟು, ಮೇಲೆ ತುಪ್ಪ ಸುರಿದು, ಬಲಗೈಯನ್ನು ತನ್ನ ರುಮಾಲಿನ ಮೇಲೆ ಇಟ್ಟುಕೊಳ್ಳುತ್ತಿದ್ದ. "ನನ್ನ ಆಣಿ ಐತಿ. ಬಿಟ್ರ ನಾ ಸತ್ತಂಗ."

ಅಲ್ಲಿಗೆ ಮುಗಿಯಿತು. ಆಣೆ ಹಾಕಿ ಬಡಿಸಿದ್ದನ್ನು ತಿನ್ನದೆ ಎಲೆ ಮಡಚಿದರೆ, ಆ ಎಲೆ ಒಣಗುವುದರೊಳಗೆ ಆಣೆ ಹಾಕಿದವನು ಸಾಯುತ್ತಾನೆ ಎಂಬುದು ನಮ್ಮ ಬಳಗದ ನಂಬಿಕೆ. ನಿಜವೋ ಸುಳ್ಳೋ ಯಾರಿಗೂ ತಿಳಿಯದು, ಯಾಕೆಂದರೆ ನೋಡಿಯೇ ಬಿಡೋಣ ಎಂದು ಯಾರೂ ಹೊರಟಿರಲಿಲ್ಲ. ಉಂಡು ಎದ್ದ ಮೇಲೆ ಒಬ್ಬ ಮನುಷ್ಯನ ಹೆಣವನ್ನು ಯಾರು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ? ಎಲ್ಲರೂ ಕಣ್ಣು ಮುಚ್ಚಿ ನುಂಗುತ್ತಿದ್ದರು. ಒಮ್ಮೆ ಸಿಂಧನೂರಿನ ಒಂದು ಮದುವೆಯಲ್ಲಿ ತಹಸೀಲ ಕಚೇರಿಯ ಪೇಶಕಾರನಿಗೂ ಹೀಗೆ ಆಣೆ ಹಾಕಿ ತಿನ್ನಿಸಿದ. ಊರನ್ನೇ ನಡುಗಿಸುತ್ತಿದ್ದ ಆ ಮನುಷ್ಯ ಹಂದರದ ಹಿಂದೆ ಹೋಗಿ ಎಲ್ಲವನ್ನೂ ಕಕ್ಕಿಕೊಂಡು ಬಂದು, "ಸೂಗಪ್ಪನ ಒತ್ತಾಯಕ್ಕೆ ನಾವೂ ಸೋತೆವು" ಎಂದು ಮೀಸೆ ಒರೆಸಿಕೊಂಡನಂತೆ. ಸೂಗಪ್ಪ ಆ ಮಾತನ್ನು ಬಂಗಾರದ ಪದಕದ ಹಾಗೆ ಎದೆಗೆ ತೂಗಿಸಿಕೊಂಡು ತಿರುಗಿದ.

ಇನ್ನು ಮನೆಯಲ್ಲಿ ಹೇಗಿದ್ದ? ಮನೆಯಲ್ಲಿ ನೋಡುವವರಿಲ್ಲವಲ್ಲ, ಹಾಗಾಗಿ ಅಲ್ಲಿ ಒತ್ತಾಯವೂ ಇರಲಿಲ್ಲ. ಅವನು ಊರೂರು ಪಂಕ್ತಿ ತಿರುಗುವಾಗ ಹೊಲ ಮಾಡಿದವಳು ಗಾಳೆಮ್ಮ. ಜೋಳ ಬಿತ್ತಿಸಿದವಳು, ಹತ್ತಿ ಬಿಡಿಸಿದವಳು, ಎತ್ತು ಕಟ್ಟಿದವಳು ಅವಳು. ಅವನು ಮೊದಲು ಉಣ್ಣುತ್ತಿದ್ದ. ಉಳಿದದ್ದನ್ನು ಅವಳು ಒಲೆಯ ಮುಂದೆ ಕೂತು ಉಣ್ಣುತ್ತಿದ್ದಳು, ಉಳಿಯದಿದ್ದರೆ ನೀರು ಕುಡಿದು ಮಲಗುತ್ತಿದ್ದಳು. ಊರವರ ಎಲೆಗೆಲ್ಲ ತಲೆಯ ಮೇಲೆ ಕೈ ಇಟ್ಟುಕೊಂಡವನು ಹೆಂಡತಿಯನ್ನು ಒಂದು ದಿನವೂ ನೀನು ಉಂಡೆಯಾ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ, ಕೇಳಿಲ್ಲ.

ಅವನಿಗೊಬ್ಬಳು ಅಕ್ಕ ಇದ್ದಳು, ಹೊನ್ನೂರಮ್ಮ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆಕೆಗೆ ಸಕ್ಕರೆ ಬೇನೆ ಬಂತು. ನಾಲಿಗೆ ಒಣಗುವುದು, ಕಾಲು ಉರಿಯುವುದು, ಮೈ ಇಳಿದುಹೋಗುವುದು. ಲಿಂಗಸುಗೂರಿನ ಛಾವಣಿಯಲ್ಲಿ, ಅಂದರೆ ಹಳೆಯ ದಂಡಿನ ಪೇಟೆಯಲ್ಲಿ, ಶಾವಲಿ ಎಂಬ ಹಕೀಮರಿದ್ದರು. ಅವರು ಮದ್ದು ಕೊಟ್ಟು, ಬೆಲ್ಲ, ಅನ್ನ, ಹೋಳಿಗೆ ಎಲ್ಲ ಬಿಡಬೇಕೆಂದು ಪರಹೇಜ್ ಹೇಳಿ ಕಳಿಸಿದರು. ಪಥ್ಯಕ್ಕೆ ನಮ್ಮ ಕಡೆ ಎಲ್ಲರೂ ಪರಹೇಜ್ ಅಂತಲೇ ಅನ್ನುತ್ತಿದ್ದರು. ಆಕೆ ಅದನ್ನು ಹಿಡಿದು ಮೈಯಲ್ಲಿ ಸ್ವಲ್ಪ ಕಸುವು ಕಂಡುಕೊಂಡಿದ್ದಳು. ಅಷ್ಟರಲ್ಲಿ ಸೂಗಪ್ಪನ ಸಣ್ಣ ಮಗನ ಕೂದಲು ತೆಗೆಸುವ ಜವಳ ಬಂತು. ಪಂಕ್ತಿಯಲ್ಲಿ ಅಕ್ಕನ ಎಲೆ ಬರಿದಾಗಿರುವುದು ಅವನ ಕಣ್ಣಿಗೆ ಬಿತ್ತು. ಹೋಳಿಗೆ ಹಾಕಿದ, ತುಪ್ಪ ಸುರಿದ, ರುಮಾಲಿನ ಮೇಲೆ ಕೈ ಇಟ್ಟ.

ಹೊನ್ನೂರಮ್ಮ ತಿಂದಳು. ತಮ್ಮ ಬದುಕಬೇಕಲ್ಲ. ಅವನು ಎರಡನೆಯದು ಹಾಕಿದ, ಅದನ್ನೂ ತಿಂದಳು. ಒಮ್ಮೆ ದಾರಿ ಬಿಟ್ಟಿತೋ ಎಲ್ಲರಿಗೂ ಹುರುಪು ಬಂತು. ಸೂಗಪ್ಪನ ಮನೆಯಲ್ಲಿ ತಿಂದವಳು ನಮ್ಮ ಮನೆಯಲ್ಲಿ ಯಾಕೆ ತಿನ್ನುವುದಿಲ್ಲ ಎಂದು ಒಬ್ಬರಾದ ಮೇಲೆ ಒಬ್ಬರು ಹಟ ಹಿಡಿದರು. ಸೀಮಂತ, ಕುಬಸ, ಮದುವೆ, ಒಂದರ ಹಿಂದೆ ಒಂದು. ಆಕೆಯ ಹೆಬ್ಬೆರಳಿಗೆ ಮುಳ್ಳು ಚುಚ್ಚಿದ ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು, ಮುಂದಿನ ಸುಗ್ಗಿಗೆ ಹೊನ್ನೂರಮ್ಮ ಇರಲಿಲ್ಲ.

ಇದರಿಂದ ಅವನು ಏನಾದರೂ ಕಲಿತನೇ? ಕಲಿತ. ಪಂಕ್ತಿಯಲ್ಲಿ ಹೇಳಿಕೊಳ್ಳಲು ಒಂದು ಹೊಸ ಕಥೆ ಕಲಿತ. "ನಮ್ಮಕ್ಕ, ಕಾಲು ಉರಿಯಾಕತ್ತಿತ್ತು, ಆದ್ರೂ ನನ್ನ ಆಣಿ ಮೀರಲಿಲ್ಲ ನೋಡ್ರಿ. ನಿಮಗೇನಾಗೇತಿ? ತಿನ್ರಿ" ಎನ್ನುತ್ತಿದ್ದ. ಹೇಳುವಾಗ ಕಣ್ಣಲ್ಲಿ ನೀರು ತರುತ್ತಿದ್ದ. ಕೇಳಿದವರೂ ಕಣ್ಣೊರೆಸಿಕೊಂಡು ಹೋಳಿಗೆ ಮುರಿಯುತ್ತಿದ್ದರು. ನಾನು ಅದನ್ನು ಮೊದಲ ಸಲ ಕೇಳಿದಾಗ ನನಗೆ ಅವನ ಕೈಯ ಗಿಂಡಿಯನ್ನು ಕಿತ್ತುಕೊಂಡು ಬಾವಿಗೆ ಎಸೆಯಬೇಕು ಅನ್ನಿಸಿತು. ಗಾಳೆಮ್ಮ ಆ ಹೊತ್ತಿಗೆ ಗೋಡೆಯ ಕಡೆ ನೋಡುತ್ತಿದ್ದಳು. ನಾದಿನಿಯ ಆ ಕಾಲನ್ನು ಬಿಸಿನೀರಲ್ಲಿ ತೊಳೆದು ಬಟ್ಟೆ ಸುತ್ತುತ್ತಿದ್ದವಳು ಅವಳೇ.

ಕೆಲವು ವರ್ಷ ಕಳೆದ ಮೇಲೆ ಅದೇ ಬೇನೆ ಗಾಳೆಮ್ಮನನ್ನು ಹಿಡಿಯಿತು. ಆಗ ನಾನು ಲಿಂಗಸುಗೂರಿನಲ್ಲಿ ಮಾಸ್ತರಿಕೆ ಮಾಡುತ್ತ ಛಾವಣಿಯ ಹತ್ತಿರ ಒಂದು ಬಾಡಿಗೆ ಮನೆಯಲ್ಲಿದ್ದೆ. ಹತ್ತಿಯ ಗಾಡಿಯಲ್ಲಿ ಕೂತು ದೊಡ್ಡವ್ವ ಒಬ್ಬಳೇ ಬಂದಳು. ಇಳಿದವಳೇ ಚರಿಗೆ ನೀರು ಕೇಳಿ ಕುಡಿದಳು, ಇನ್ನೊಂದು ಕೇಳಿದಳು. "ತಮ್ಮಾ, ಹೊನ್ನೂರಕ್ಕಗ ಆದಂಗ ನನಗೂ ಆಗಾಕತ್ತೈತಿ. ಹಕೀಮರ ಹಂತ್ಯಾಕ ಕರಕೊಂಡು ನಡಿ" ಎಂದಳು.

ಶಾವಲಿ ಹಕೀಮರು ನಾಡಿ ಹಿಡಿದು, ನಾಲಿಗೆ ನೋಡಿ, ಕೇಳಬೇಕಾದ್ದನ್ನು ನಾಚಿಕೆಯಿಲ್ಲದೆ ಕೇಳಿದರು. "ಉಚ್ಚಿ ಹೊಯ್ದಲ್ಲಿ ಇರಿವಿ ಮುತ್ತತಾವೇನವ್ವ?"

"ಮುತ್ತತಾವ್ರಿ."

"ಹಂಗಾದ್ರ ಅದಽ ಬ್ಯಾನಿ. ಬೆಲ್ಲ ಬಂದ್. ಅನ್ನ ಬಂದ್. ಹೋಳಿಗಿ, ಪಾಯಸ, ಉಂಡಿ, ಎಲ್ಲಾ ಬಂದ್. ನವಣಿ, ಜೋಳದ ರೊಟ್ಟಿ ಹಿತಮಿತ, ಮೆಂತೆ ಪಲ್ಯ, ಹಾಗಲಕಾಯಿ, ಬೆಣ್ಣಿ ತಗದ ಮಜ್ಜಿಗಿ. ನಾ ಕೊಟ್ಟ ಪುಡಿ ಮುಂಜಾನಿ, ಸಂಜಿಗೆ."

"ಹಬ್ಬಕ್ಕ ಒಂದ ತುತ್ತು ನಡೀತೈತೇನ್ರಿ?" ಎಂದು ನಾನು ಕೇಳಿದೆ.

ಹಕೀಮರು ನನ್ನ ಕಡೆ ತಿರುಗಲೂ ಇಲ್ಲ, ಅವಳಿಗೇ ಹೇಳಿದರು. "ನಿಮ್ಮ ಮನ್ಯಾಗಿಂದು ಒಬ್ಬಾಕಿ ಬಂದಿದ್ಲು, ನೆನಪೈತಿ. ಆಕಿಗೂ ಚಲೋ ಆಗಾಕತ್ತಿತ್ತು. ದಿನಾ ಪರಹೇಜ್ ಹಿಡಿಯಾದು ದೊಡ್ಡದಲ್ಲವ್ವ. ನಾಕು ಮಂದಿ ಕುಂತಲ್ಲಿ ಹಿಡೀಬೇಕು. ಹಿಡೀತೀನಿ ಅಂದ್ರ ಪುಡಿ ಕೊಡ್ತೀನಿ. ಇಲ್ಲಂದ್ರ ನನ್ನ ಮದ್ದು ದಂಡ ಮಾಡಬ್ಯಾಡ."

ದೊಡ್ಡವ್ವ ಸೆರಗಿನ ತುದಿ ಬಿಚ್ಚಿ ಮುಂದೆ ಹಿಡಿದಳು. "ಹಿಡೀತೀನ್ರಿ. ಹಾಕ್ರಿ" ಎಂದಳು. ಹಕೀಮರು ಪೊಟ್ಟಣವನ್ನು ಅದರಲ್ಲಿ ಹಾಕಿದರು.

ಅವಳು ಹಿಡಿದಳು. ಜೋಳದ ಹೊಲದ ಬದುವಿನಲ್ಲಿ, ಒಲೆಯ ಮುಂದೆ, ಅದೇನೂ ಕಷ್ಟವಾಗಲಿಲ್ಲ, ಯಾಕೆಂದರೆ ಅಲ್ಲಿ ಅವಳು ಏನು ತಿನ್ನುತ್ತಾಳೆಂದು ಯಾರೂ ಯಾವತ್ತೂ ನೋಡಿದ್ದಿಲ್ಲ. ಸೂಗಪ್ಪನೂ "ಮನ್ಯಾಗ ಹುಲ್ಲರ ತಿನ್ನು, ಮಣ್ಣರ ತಿನ್ನು. ಮಂದ್ಯಾಗ ಮಾತ್ರ ನನ್ನ ಮರ್ಯಾದಿ ತಗೀಬ್ಯಾಡ" ಎಂದು ಅಪ್ಪಣೆ ಕೊಟ್ಟ. ಕಷ್ಟವೆಲ್ಲ ಬಳಗದವರ ಮನೆಗಳಲ್ಲಿ. ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಬುತ್ತಿ ಒಯ್ದು ಕಡುಬು, ಹೋಳಿಗೆ ಬಿಚ್ಚಿದರೆ ಇವಳು ಮಡಿಲಿಂದ ತನ್ನ ರೊಟ್ಟಿ ತೆಗೆಯುತ್ತಿದ್ದಳು. ಮದುವೆಗಳಲ್ಲಿ ಪಂಕ್ತಿಗೆ ಕೂಡದೆ ನೀರು ತರುವ, ಎಲೆ ಎತ್ತುವ ಕೆಲಸ ಹಚ್ಚಿಕೊಂಡು, "ಆಮ್ಯಾಲ ಉಣ್ತೀನಿ ತಗೋರಿ" ಎಂದು ಜಾರಿಕೊಳ್ಳುತ್ತಿದ್ದಳು.

ನಮ್ಮ ಬಳಗದ ಹೆಂಗಸರು ಎಷ್ಟು ಒಳ್ಳೆಯವರು ಎಂಬುದು ಆಗ ಗೊತ್ತಾಯಿತು. ಅವಳಿಗೆ ಬೇನೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬಳು, ಮಸ್ಕಿಗೆ ಮಗಳನ್ನು ಕೊಟ್ಟ ಮೇಲೆ ಗಾಳೆಮ್ಮನಿಗೆ ಸೊಕ್ಕು ಬಂದಿದೆ ಎಂದಳು. ಇನ್ನೊಬ್ಬಳು, ನಮ್ಮ ಮನೆಯ ತುಪ್ಪ ವಾಸನೆ ಬಂತೇನೋ ಎಂದಳು. ಮೂರನೆಯವಳು ಬಲು ಕರುಣೆಯಿಂದ, ಸಾಯುವುದಿದ್ದರೆ ತಿಂದೇ ಸಾಯಬೇಕು ಎಂದಳು. ಹತ್ತಿ ಬಿಡಿಸುವಾಗ ಅವಳ ಬೆರಳಿಗೆ ಆಗಿದ್ದ ಗಾಯ ಮಾಯುತ್ತಿರುವುದನ್ನು, ನಡೆಯುವಾಗ ಮೊದಲಿನ ಹಾಗೆ ತೂರಾಡದಿರುವುದನ್ನು ಒಬ್ಬಳೂ ನೋಡಲಿಲ್ಲ. ಮನುಷ್ಯಳನ್ನು ನೋಡುವ ಕಣ್ಣಿದ್ದರೆ ಅಲ್ಲವೇ? ಅವರ ಕಣ್ಣೆಲ್ಲ ಎಲೆಯ ಮೇಲೆ.

ಹೀಗಿರುವಾಗ ಗಾಳೆಮ್ಮನ ಮಗಳು ಬಸ್ಸಮ್ಮ ಬಳಗಾನೂರಿಗೆ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣುಮಗು. ಬೇಸಿಗೆಯಲ್ಲಿ ತೊಟ್ಟಿಲ ಕಾರ್ಯ ಇಟ್ಟುಕೊಂಡರು. ಮಸ್ಕಿಯಿಂದ ಬೀಗರು ಗಾಡಿ ಕಟ್ಟಿಕೊಂಡು ಬಂದರು. ಅಳಿಯನ ಅಪ್ಪ ರಾಮಣ್ಣನೂ ಸಣ್ಣ ಆಸಾಮಿಯಲ್ಲ. ಬೀಗರ ಮನೆಗೆ ಹೋದರೆ ಏನಾದರೊಂದು ಕೊಂಕು ತೆಗೆಯದೆ ಎದ್ದು ಬರಬಾರದು ಎಂಬ ವ್ರತದವನು. ನಾನು ಹಿಂದಿನ ದಿನವೇ ಹೋಗಿ ನೀರು, ಕಟ್ಟಿಗೆ, ಎಲೆ ನೋಡಿಕೊಳ್ಳುತ್ತಿದ್ದೆ. ಮುತ್ತುಗದ ಹಸಿ ಎಲೆ ತರಿಸಿ ಬೆಳಿಗ್ಗೆಯೇ ಕಡ್ಡಿ ಚುಚ್ಚಿ ಹಚ್ಚಿಸಿದ್ದೆವು.

ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಗಂಡಸರ ಪಂಕ್ತಿ ಎದ್ದಿತು. ಹೆಂಗಸರ ಪಂಕ್ತಿ ಕೂತಿತು. ಈ ಪಂಕ್ತಿಯಲ್ಲಿ ದೊಡ್ಡವ್ವ ಜಾರಿಕೊಳ್ಳುವಂತಿರಲಿಲ್ಲ. ಮಗುವಿನ ಇಬ್ಬರು ಅಜ್ಜಿಯರೂ ಒಟ್ಟಿಗೆ ಕೂತು ಕೈ ಹಚ್ಚಿದ ಮೇಲೆಯೇ ಉಳಿದವರು ಉಣ್ಣಬೇಕು, ಅದು ತೊಟ್ಟಿಲ ಊಟದ ಪದ್ಧತಿ. ಅವಳು ಬೀಗಿತಿಯ ಪಕ್ಕದಲ್ಲಿ ಕೂತಳು. ಎಲೆಗೆ ತನ್ನ ಜೋಳದ ರೊಟ್ಟಿ, ಮೆಂತೆ ಪಲ್ಯ ಹಾಕಿಸಿಕೊಂಡು, ಬೀಗಿತಿಗೆ "ತಪ್ಪು ತಿಳೀಬ್ಯಾಡ್ರಿ, ಹಕೀಮರ ಪರಹೇಜ್ ಐತಿ" ಎಂದು ಕೈ ಮುಗಿದಳು. ಬೀಗಿತಿ ಮೂಗು ಮುರಿದಳು, ಆದರೆ ಕೈ ಹಚ್ಚಿದಳು. ಪಂಕ್ತಿ ನಡೆಯಿತು. ಎಲ್ಲ ಅಲ್ಲಿಗೇ ಸುಖವಾಗಿ ಮುಗಿಯಬಹುದಿತ್ತು.

ಹಂದರದಡಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ರಾಮಣ್ಣನಿಗೆ ಆ ದಿನದ ಕೊಂಕು ಸಿಕ್ಕಿತು. "ಏನ್ ಬೀಗಾ, ಊರಾಗಿನ ಮಂದಿಗೆಲ್ಲಾ ಆಣಿ ಹಾಕಿ ತಿನ್ನಸ್ತಿ. ನಿನ್ನ ಹೇಂತಿ ಎಲ್ಯಾಗ ರೊಟ್ಟಿ ಐತಲ್ಲೋ! ನಿನ್ನ ಆಣಿ ಹೊರಗಿನೋರಿಗಷ್ಟೇನು?"

ಗಂಡಸರು ನಕ್ಕರು. ಸೂಗಪ್ಪನ ಮುಖ ಕೆಂಪಾಯಿತು. ತಿರುಗಿ ಗಿಂಡಿ ಎತ್ತಿಕೊಂಡ. ಬುಟ್ಟಿಯವನನ್ನು ಕರೆದುಕೊಂಡು ಹೆಂಡತಿಯ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮದುವೆಯಾದ ಇಷ್ಟು ವರ್ಷದಲ್ಲಿ ಅವನು ಅವಳ ಎಲೆಗೆ ಬಡಿಸಿದ್ದು ಅದೇ ಮೊದಲು.

"ಒಂದ ತಿನ್ನು" ಎಂದ.

"ಬ್ಯಾಡ್ರಿ."

"ಮೊಮ್ಮಗಳ ತೊಟ್ಲಾಗ ಬಾಯಿ ಸಿಹಿ ಮಾಡ್ಕೊಳ್ಳಂಗಿಲ್ಲೇನು? ಅರ್ಧ ತಿನ್ನು."

"ಒಲ್ಲೆ ಅಂದೆ. ನಿಮಗ ಗೊತ್ತೈತಿ."

ಅವನು ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಹೋಳಿಗೆಯನ್ನು ನಡುವಿಗೆ ಹಾಕಿದ. ತುಪ್ಪ ಸುರಿದ. ಗಂಡಸರ ಕಡೆ ಒಮ್ಮೆ ತಿರುಗಿ ನೋಡಿ ರುಮಾಲಿನ ಮೇಲೆ ಕೈ ಇಟ್ಟ. "ನನ್ನ ಆಣಿ ಐತಿ. ಬಿಟ್ರ ನಾ ಸತ್ತಂಗ. ನಿನ್ನ ತಾಳಿ ನಿನ್ನ ಕೈಯಾಗ ಐತಿ, ನೋಡು."

ಪಂಕ್ತಿಯಲ್ಲಿ ಎಲ್ಲರ ಕೈ ನಿಂತವು. ಬಾಣಂತಿ ಬಸ್ಸಮ್ಮ ಒಳಗಿನಿಂದ ಬಾಗಿಲಿಗೆ ಬಂದು ನಿಂತಳು. "ತಿನ್ನವ್ವಾ, ಒಂದ ಚೂರು ಮುರಕೋ", "ಗಂಡನ ಆಣಿ ಅಂದ್ರ ಸಣ್ಣದೇನು", "ಮುತ್ತೈದಿ ಆಗಿ ಹಿಂಗ ಮಾಡಬಾರದು" ಎಂದು ಎಡಕ್ಕೂ ಬಲಕ್ಕೂ ಹೆಂಗಸರು ಪಿಸುಗುಟ್ಟಿದರು. ದೊಡ್ಡವ್ವ ಹೋಳಿಗೆಯನ್ನು ನೋಡಿದಳು. ಆಮೇಲೆ ಗಂಡನ ಮುಖವನ್ನು ನೋಡಿದಳು. ಅವನು ಅವಳ ಕಡೆ ನೋಡುತ್ತಲೇ ಇರಲಿಲ್ಲ, ರಾಮಣ್ಣ ನೋಡುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಿದ್ದ.

"ನಿಮ್ಮಕ್ಕ ತಿಂದ್ಳು" ಎಂದಳು ದೊಡ್ಡವ್ವ. ದನಿ ಎತ್ತಲಿಲ್ಲ, ಆದರೆ ಹಂದರಕ್ಕೆಲ್ಲ ಕೇಳಿಸಿತು. "ಆಕಿ ಹೋದ್ಳು, ನೀವು ಉಳಿದ್ರಿ. ಆಕಿ ಕಾಲು ತೊಳದಾಕಿ ನಾನು, ಅದರ ನಾತ ನನ್ನ ಮೂಗಿನಾಗ ಇನ್ನಾ ಐತಿ. ನನಗ ಮೊಮ್ಮಗಳನ್ನ ಆಡಸಬೇಕಾಗೇತಿ. ನಾ ಒಲ್ಲೆ. ಈ ಸಲ ನೀವ ಹೋಗ್ರಿ."

ಹೇಳಿ, ಹೋಳಿಗೆಯನ್ನು ಒಳಗೇ ಇಟ್ಟು ಎಲೆಯನ್ನು ಮಡಚಿದಳು. ಎದ್ದು ಹಿತ್ತಲಿಗೆ ಹೋಗಿ ತಿಪ್ಪೆಯ ಮೇಲೆ ಹಾಕಿ, ಕೈ ತೊಳೆದುಕೊಂಡು, ಅಳುತ್ತಿದ್ದ ಮಗುವಿನ ತೊಟ್ಟಿಲು ತೂಗಲು ಒಳಗೆ ಹೋದಳು.

ಸೂಗಪ್ಪ ಮೊದಲು ನಕ್ಕ. ಅವನ ಜೊತೆ ಯಾರೂ ನಗಲಿಲ್ಲ. ಎಲ್ಲರೂ ಅವನನ್ನು ಒಂದು ಥರ ನೋಡುತ್ತಿದ್ದರು, ಹೊರಡುವ ಗಾಡಿಯಲ್ಲಿ ಕೂತವನನ್ನು ನೋಡುವ ಹಾಗೆ. ಅವನು ಗಿಂಡಿಯನ್ನು ನೆಲಕ್ಕೆ ಇಟ್ಟು ರುಮಾಲನ್ನು ಮುಟ್ಟಿ ನೋಡಿಕೊಂಡ. ಇಷ್ಟು ವರ್ಷ ಊರೂರು ತಿರುಗಿ ಪಣಕ್ಕೆ ಒಡ್ಡಿದ ತಲೆ ತನ್ನದೇ ಎಂಬುದು ಅವನಿಗೆ ಆವಾಗಲೇ ಹೊಳೆದದ್ದು ಎಂದು ಕಾಣುತ್ತದೆ. ಎದೆಯಲ್ಲಿ ಹೇಗೋ ಆಗುತ್ತಿದೆ ಎಂದು ಪಡಸಾಲೆಯ ಹೊರಸಿನ ಮೇಲೆ ಮಲಗಿಬಿಟ್ಟ.

ಆಮೇಲೆ ನಡೆದದ್ದನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ. ಎಲೆ ಒಣಗುವುದರೊಳಗೆ ತಾನೇ ಸಾವು? ಹಾಗಾದರೆ ಎಲೆಯನ್ನು ಒಣಗಲು ಬಿಡದಿದ್ದರಾಯಿತು! ಯಾವ ಮಹಾತಾಯಿಗೆ ಮೊದಲು ಹೊಳೆಯಿತೋ, ಒಂದು ಕೊಡ ನೀರು ತಂದು ತಿಪ್ಪೆಯ ಮೇಲಿನ ಎಲೆಗೆ ಸುರಿದಳು. ಅವಳ ಹಿಂದೆ ಇನ್ನೊಬ್ಬಳು. ಬೇಸಿಗೆ, ಊರ ಬಾವಿಯಲ್ಲಿ ತಳ ಕಾಣುತ್ತಿತ್ತು, ಕುಡಿಯುವ ನೀರಿಗೆ ಹಳ್ಳದ ಒರತೆ ತೋಡಬೇಕಿತ್ತು. ಬಾಣಂತಿಗೆ ಎರೆಯಲು ನೀರು ಸಾಲದೆ ದೊಡ್ಡವ್ವ ಬೆಳಗಿನಿಂದ ನಾಲ್ಕು ಮನೆ ಕೇಳಿದ್ದಳು, ಆಗ ಯಾರ ಹತ್ತಿರವೂ ನೀರಿರಲಿಲ್ಲ. ಈಗ ಒಂದು ಎಂಜಲೆಲೆಗೆ ಕೊಡದ ಮೇಲೆ ಕೊಡ ಬಂತು.

ಅಷ್ಟರಲ್ಲಿ ಒಂದು ನಾಯಿ ಎಲೆ ಬಿಚ್ಚಿ ಹೋಳಿಗೆ ತಿಂದು ಹೋಯಿತು. ಹೋಳಿಗೆ ತಿಂದಾಯಿತಲ್ಲ, ಆಣೆ ತೀರಿತೋ ಇಲ್ಲವೋ ಎಂದು ಹಂದರದಡಿ ಹಿರಿಯರು ಗಂಭೀರವಾಗಿ ಚರ್ಚೆಗೆ ಕೂತರು. ನಾಯಿಗೆ ಆಣೆ ಹಾಕಿರಲಿಲ್ಲವಾದ್ದರಿಂದ ತೀರಲಿಲ್ಲ ಎಂದು ತೀರ್ಮಾನವಾಯಿತು. ಇಷ್ಟು ಹೊತ್ತು ಒಬ್ಬನಾದರೂ, ಆ ಹೆಂಗಸು ಉಪವಾಸ ಎದ್ದಳಲ್ಲ, ಅವಳಿಗೆ ಎರಡು ರೊಟ್ಟಿ ಕೊಡಿ ಎನ್ನಲಿಲ್ಲ. ನಾನೇ ಒಳಗೆ ಒಯ್ದು ಕೊಟ್ಟೆ. ಮಗುವನ್ನು ಕಾಲ ಮೇಲೆ ಹಾಕಿಕೊಂಡೇ ಅವಳು ರೊಟ್ಟಿ, ಪಲ್ಯ ತಿಂದು, ಹಕೀಮರ ಪುಡಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ದೊಡ್ಡವ್ವ, ಹೆದರಿಕಿ ಆಗಂಗಿಲ್ಲೇನು?" ಎಂದು ಕೇಳಿದೆ.

"ಆಕ್ಕೈತಿ" ಎಂದಳು. "ಖರೇನ ಸತ್ರ ಏನು ಮಾಡ್ಲಿ ಅಂತ ಆಗಿಂದ ಅದನ್ನ ಎಣಸಾಕತ್ತೀನಿ. ಆದ್ರ ತಿಂದ್ರ ನಾ ಸಾಯಾದು ಖರೆ ಐತಿ. ಅದು ಹಕೀಮರು ಹೇಳ್ಯಾರ, ನಾನೂ ಕಣ್ಣಾರೆ ಕಂಡೀನಿ."

ಅವಳಿಗೂ ಆ ನಂಬಿಕೆ ಇತ್ತು ಎಂಬುದು ನನಗೆ ಆಗ ತಿಳಿಯಿತು. ಆಣೆಯಲ್ಲಿ ಹುರುಳಿಲ್ಲ ಎಂದು ಗೊತ್ತಿದ್ದು ಮಡಚಿದ ಎಲೆಯಲ್ಲ ಅದು. ಗಂಡ ಸಾಯಬಹುದು ಎಂದುಕೊಂಡೇ ಮಡಚಿದ್ದಳು. ಅವತ್ತಿನಿಂದ ನನಗೆ ಅವಳ ಮೇಲೆ ಇರುವ ಗೌರವ ಇನ್ಯಾರ ಮೇಲೂ ಇಲ್ಲ.

ಮರುದಿನ ಬೆಳಿಗ್ಗೆ ರಾಮಣ್ಣ ಗಾಡಿ ಹೂಡಿಸಿದ. ಸಾವಿನ ಮನೆಯಾಗುವ ಮೊದಲು ಜಾಗ ಖಾಲಿ ಮಾಡುವ ಅವಸರ. ಉಳಿದವರೂ ತಮ್ಮ ತಮ್ಮ ಎತ್ತಿಗೆ ನೀರಿಲ್ಲ, ಮನೆಗೆ ಬೀಗ ಹಾಕಿಲ್ಲ ಎಂದು ಒಬ್ಬೊಬ್ಬರೇ ಎದ್ದರು. ಸೂಗಪ್ಪನ ಆಣೆಗೆ ಹೆದರಿ ತಿಂದು ತಿಂದು ಅವನನ್ನು ಇಷ್ಟು ವರ್ಷ ಬದುಕಿಸಿದ್ದ ಬಳಗದಲ್ಲಿ, ಎರಡನೆಯ ದಿನಕ್ಕೆ ಒಂದು ಕೊಡ ನೀರು ಹೊರುವವರು ಉಳಿಯಲಿಲ್ಲ. ಮನೆಯಲ್ಲಿ ಉಳಿದವರು ದೊಡ್ಡವ್ವ, ಅವಳ ಮಗ, ಬಾಣಂತಿ, ಕೂಸು, ನಾನು. ಮತ್ತೆ ಹೊರಸಿನ ಮೇಲೆ ಸಾಯಲು ಕಾದಿದ್ದ ಅವನು.

ಬಿಸಿಲೇರಿತು. ಅವನು ಏನೂ ತಿಂದಿರಲಿಲ್ಲ, ರುಮಾಲನ್ನೂ ಬಿಚ್ಚಿರಲಿಲ್ಲ. "ಎಲಿ ಹೆಂಗೈತಿ ನೋಡೋ ತಮ್ಮಾ" ಎಂದು ನನಗೆ ಹೇಳಿದ. ನಾನು ಕೇಳಿಸದವನ ಹಾಗೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯನ್ನು ಕೂಗಿದ. "ಗಾಳೀ, ಒಂದ ಚರಿಗಿ ನೀರು ಹಾಕು ಆ ಎಲಿಗೆ. ನಿನ್ನ ಕಾಲು ಬೀಳ್ತೀನಿ."

ದೊಡ್ಡವ್ವ ಕೂಸನ್ನು ಮಗಳ ಕೈಗೆ ಕೊಟ್ಟು ಚರಿಗೆ ಹಿಡಿದು ಹಿತ್ತಲಿಗೆ ಹೋದಳು. ಹಾಕಿಯೇಬಿಡುತ್ತಾಳೆ ಎಂದುಕೊಂಡೆ ನಾನು. ತಿಪ್ಪೆಯ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಬಗ್ಗಿ ಎಲೆಯನ್ನು ಎತ್ತಿಕೊಂಡು ಒಳಗೆ ಬಂದಳು. ನಮ್ಮ ಕಡೆಯ ಬಿಸಿಲು ಯಾರ ಆಣೆಗೂ ಕಾಯುವುದಿಲ್ಲ. ಎಲೆ ಅಂಚಿನಿಂದ ಅಂಚಿಗೆ ಒಣಗಿ ಮುದುಡಿ, ಹಚ್ಚಿದ ಕಡ್ಡಿಗಳು ಕಳಚಿ ಬಿದ್ದಿದ್ದವು. ಅದನ್ನು ಅವನ ಎದೆಯ ಮೇಲೆ ಇಟ್ಟಳು.

"ಒಣಗೇತಿ ನೋಡ್ರಿ" ಎಂದಳು. "ಏಳ್ರಿ. ಎತ್ತಿಗೆ ಮೇವಿಲ್ಲ."

ಅವನು ಉಸಿರು ಬಿಗಿಹಿಡಿದು ಮಲಗಿದ್ದ. ಸಾವು ಬರಲಿಲ್ಲ. ಹೊಟ್ಟೆ ಗೊರ್ ಎಂದಿತು, 'ಇದೇನು ಬದುಕಿದೆನಲ್ಲ' ಎಂದು ಎದ್ದು ಕೂತ. ಮುಖದ ಮೇಲೆ ಮೊದಲು ಬಂದದ್ದು ನಗು. ಇಷ್ಟು ಅಗ್ಗಕ್ಕೆ ಬಿಡುಗಡೆ ಸಿಕ್ಕಿತಲ್ಲ, ಇನ್ನು ಅದನ್ನೂ ಒಂದು ಕಥೆ ಮಾಡಿ ಪಂಕ್ತಿಯಲ್ಲಿ ಹೇಳುತ್ತಾನೆ ಎಂದು ನಾನು ಹಲ್ಲು ಕಚ್ಚಿದೆ. ಆದರೆ ಅವನು ಎಲೆಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡುತ್ತ ನೋಡುತ್ತ ಆ ನಗು ಮುಖದಿಂದ ಇಳಿಯಿತು. ಎಲೆ ಅವನ ಬೆರಳಲ್ಲಿ ಪುಡಿಯಾಯಿತು.

"ಗಾಳೀ" ಎಂದ. "ಹಂಗಾದ್ರ ಅವತ್ತ ಅಕ್ಕ ತಿನ್ನದಿದ್ರೂ ನಡೀತಿತ್ತೇನು?"

ದೊಡ್ಡವ್ವ ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. ಸಮಾಧಾನದ ಒಂದು ಮಾತು ಹೇಳಬಹುದಿತ್ತು, ಬೇರೆ ಹೆಂಗಸಾಗಿದ್ದರೆ ಹೇಳುತ್ತಿದ್ದಳು.

"ನಡೀತಿತ್ತು" ಎಂದಳು.

ಆಮೇಲೆ ಅವನು ಯಾರ ಪಂಕ್ತಿಗೂ ಗಿಂಡಿ ಹಿಡಿದು ಇಳಿಯಲಿಲ್ಲ. ಹೇಳಿಕಳಿಸುವವರೂ ಇರಲಿಲ್ಲ, ತಲೆಯ ಮೇಲೆ ಕೈ ಇಟ್ಟರೆ ಸಣ್ಣ ಹುಡುಗರೂ ನಗುತ್ತಿದ್ದರು. ಸೂಗಪ್ಪ ದೊಡ್ಡವನಾದ, ತಿದ್ದಿಕೊಂಡ ಎಂದು ಬಳಗದವರು ಈಗ ಹೇಳುವುದನ್ನು ಕೇಳಿದ್ದೇನೆ. ಹೇಳಲಿ. ಅವರೂ ಹೊನ್ನೂರಮ್ಮನ ಎಲೆಗೆ ಹೋಳಿಗೆ ಬಡಿಸಿದವರೇ ತಾನೇ. ದೊಡ್ಡವ್ವ ಹಕೀಮರ ಪುಡಿ, ಜೋಳದ ರೊಟ್ಟಿ, ಮೆಂತೆ ಪಲ್ಯದ ಮೇಲೆ ಆ ಮೊಮ್ಮಗಳ ಮದುವೆಯವರೆಗೂ ಬದುಕಿದಳು. ಆ ಮದುವೆಯಲ್ಲಿ ಕೊನೆಗೆ ಮನೆಯವರೆಲ್ಲ ಒಟ್ಟಿಗೆ ಕೂತ ಪಂಕ್ತಿಯಲ್ಲಿ ನಾನೂ ಅವಳ ಪಕ್ಕದಲ್ಲಿ ಕೂತಿದ್ದೆ. ಅವಳ ಎಲೆಯಲ್ಲಿ ರೊಟ್ಟಿ ಇತ್ತು. ಎದುರು ಸಾಲಿನಲ್ಲಿ ಸೂಗಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಯಾರೋ ಹೊಸ ಹುಡುಗ ಹೋಳಿಗೆ ಹಿಡಿದು ಅವಳ ಕಡೆ ಬಂದಾಗ, ಅವನು ತಲೆ ಎತ್ತದೆಯೇ, "ಆಕಿಗೆ ಹಾಕಬ್ಯಾಡೋ" ಎಂದ.